ಕಿವಿ ಮುಚ್ಚಿಕೊಳ್ಳುವ ಮಗನಿಗೆ ಅಜ್ಜನ ಸಂಗೀತ ಹತ್ತಿಸುವುದು ಹೇಗೆ?

ಪ್ರಶ್ನೆ: ನಾವು ಗಂಗಾವತಿಯವರು. ನಮ್ಮ ಮಾವನವರಿಗೆ ಹಿಂದೂಸ್ತಾನಿ ಸಂಗೀತ ಅಂದರೆ ಪ್ರಾಣ. ರಾತ್ರಿ ಊಟ ಮುಗಿಸಿ ಅವರು ಮೊಬೈಲಿನಲ್ಲಿ ಖಯಾಲ್ ಹಚ್ಚಿದರೆ ಎಂಟನೇ ತರಗತಿಯಲ್ಲಿ ಓದುವ ಮಗ ಕಿವಿ ಮುಚ್ಚಿಕೊಂಡು ಒಳಗೆ ಹೋಗುತ್ತಾನೆ. "ಒಂದ ಅಕ್ಷರಾನ ಅರ್ಧ ತಾಸು ಎಳೀತಾರ" ಅನ್ನುತ್ತಾನೆ. ಅವನಿಗೆ ಬೇಕಾದದ್ದು ರ‍್ಯಾಪ್ ಮತ್ತು ಡಿಜೆ ಹಾಡು. ಐದು ವರ್ಷದ ಮಗಳು ಮಾತ್ರ ಅಜ್ಜನ ತೊಡೆಯ ಮೇಲೆ ಕೂತು ಕೇಳುತ್ತಾಳೆ. ನಾನು ಸಣ್ಣಾಕಿ ಇದ್ದಾಗ ಕೇಳಿದ್ದು ಭಜನಿ ಪದ, ಬಯಲಾಟ, ಸಿನಿಮಾ ಹಾಡು. ಖರೇ ಹೇಳಬೇಕೆಂದರೆ ಮಾವನವರ ಸಂಗೀತ ನನಗೂ ತಿಳಿಯುವುದಿಲ್ಲ. ನೆಂಟರೊಬ್ಬರು "ಅದಕ್ಕೆಲ್ಲ ಮನೆತನದ ಸಂಸ್ಕಾರ ಬೇಕು" ಎಂದರು. ಇದು ನಿಜವೇ? ಬೆಳೆಯುವ ವಯಸ್ಸಿನಲ್ಲಿ ಪರಿಚಯವಿಲ್ಲದ ಸಂಗೀತದ ರುಚಿ ಹತ್ತಿಸಬಹುದೇ? ಮಗನನ್ನು ಸಂಗೀತದ ಕ್ಲಾಸಿಗೆ ಹಾಕಲೇ?

ಉತ್ತರ: ತಂಗಿ, ನೆಂಟರು ಹೇಳಿದ ಮಾತನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ. ಸಂಗೀತದ ರುಚಿ ರಕ್ತದಲ್ಲಿ ಇಳಿದು ಬರುವುದಿಲ್ಲ. ನಮ್ಮ ಭಾಗದಲ್ಲಿ ಹಾಗೆ ಹೇಳುವವರಿಗೆ ನಾನು ಪಂಡಿತ ಎಂ. ವೆಂಕಟೇಶ ಕುಮಾರ್ ಅವರ ಹೆಸರು ಹೇಳುತ್ತೇನೆ. ಇವತ್ತು ದೇಶದ ದೊಡ್ಡ ಖಯಾಲ್ ಗಾಯಕರಲ್ಲಿ ಒಬ್ಬರು, 2016ರಲ್ಲಿ ಪದ್ಮಶ್ರೀ ಪಡೆದವರು. ಅವರು ಹುಟ್ಟಿದ್ದು 1953ರಲ್ಲಿ, ಬಳ್ಳಾರಿ ಸೀಮೆಯ ಲಕ್ಷ್ಮೀಪುರದಲ್ಲಿ. ತಂದೆ ಹುಲೆಪ್ಪನವರು ಜಾನಪದ ಹಾಡುಗಾರರು, ಗೊಂಬೆಯಾಟದವರು. ಹುಡುಗನಿಗೆ ಹನ್ನೆರಡರ ಆಸುಪಾಸು ಇದ್ದಾಗ ಹತ್ತಿರದ ಬಂಧು, ತೊಗಲುಗೊಂಬೆಯಾಟದ ಹೆಸರಾಂತ ಕಲಾವಿದ ಬೆಳಗಲ್ಲು ವೀರಣ್ಣನವರು ಅವರನ್ನು ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಕರೆದೊಯ್ದು ಪುಟ್ಟರಾಜ ಗವಾಯಿಗಳ ಕೈಗೆ ಒಪ್ಪಿಸಿದರು. ಆಮೇಲೆ ಹನ್ನೆರಡು ವರ್ಷ ಅಲ್ಲೇ ಇದ್ದು ಕಲಿತರು. ಮನೆಯಲ್ಲಿ ಇದ್ದದ್ದು ಬಯಲಿನ ಹಾಡು, ಗೊಂಬೆಯಾಟದ ಮಟ್ಟು. ಗ್ವಾಲಿಯರ್, ಕಿರಾನಾ ಘರಾಣೆಗಳ, ಅಂದರೆ ಗುರುಪರಂಪರೆಗಳ, ಗಾಯನ ಕಿವಿಗೆ ಹತ್ತಿದ್ದು ಹೆಚ್ಚುಕಡಿಮೆ ನಿಮ್ಮ ಮಗನ ವಯಸ್ಸಿನಲ್ಲೇ. ಅಷ್ಟು ದೂರ ಹೋಗುವವರು ಲಕ್ಷಕ್ಕೊಬ್ಬರು, ಒಪ್ಪುತ್ತೇನೆ. ಆದರೆ ಕೂತು ಕೇಳಿ ಸಂತೋಷಪಡಲು ಆ ಕಲಿಕೆಯ ಒಂದು ಚೂರು ಸಾಕು.

ಹುಟ್ಟುವಾಗ ಕಿವಿ ಯಾವ ಸಂಗೀತಕ್ಕೂ ಸೇರಿದ್ದಲ್ಲ. 2005ರಲ್ಲಿ ಎರಿನ್ ಹ್ಯಾನನ್ ಮತ್ತು ಸಾಂಡ್ರಾ ಟ್ರೆಹಬ್ ಎಂಬ ಸಂಶೋಧಕಿಯರು ಉತ್ತರ ಅಮೆರಿಕದ ಕೂಸುಗಳಿಗೆ ಯುರೋಪಿನ ಬಾಲ್ಕನ್ ನಾಡಿನ ಜಾನಪದ ಮಟ್ಟುಗಳನ್ನು ಕೇಳಿಸಿದರು. ಎರಡರ, ಮೂರರ ಗುಂಪು ಬೆರೆತು ಓಡುವ ಆ ಲಯ ಅಮೆರಿಕದ ಮನೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವಂಥದ್ದಲ್ಲ. ನಡುವೆ ಬೇಕೆಂದೇ ಲಯ ಕೆಡಿಸಿದರೆ ಆರು ತಿಂಗಳ ಕೂಸುಗಳಿಗೆ ಅದು ತಿಳಿಯುತ್ತಿತ್ತು. ಒಂದು ವರ್ಷದ ಮಕ್ಕಳಿಗೆ ತಿಳಿಯಲಿಲ್ಲ, ಅಷ್ಟರಲ್ಲಿ ಅವರ ಕಿವಿ ತಮ್ಮ ಮನೆಯ ಲಯಕ್ಕೆ ಒಗ್ಗಿಹೋಗಿತ್ತು. ಆದರೆ ಆ ವಯಸ್ಸಿನ ಮಕ್ಕಳ ಮನೆಯಲ್ಲಿ ಎರಡು ವಾರ ದಿನವೂ ಸ್ವಲ್ಪ ಹೊತ್ತು ಆ ಸಂಗೀತ ಹಚ್ಚಿದಾಗ ಅವರೂ ಲಯ ತಪ್ಪಿದ್ದನ್ನು ಮತ್ತೆ ಗುರುತಿಸತೊಡಗಿದರು. ದೊಡ್ಡವರಿಗೆ ಹಾಗೆಯೇ ಕೇಳಿಸಿ ನೋಡಿದರೆ ಅಷ್ಟು ಫಲ ಸಿಗಲಿಲ್ಲ. ಯಾವುದು ಇಂಪು, ಯಾವುದು ಕರ್ಕಶ ಎಂಬುದನ್ನೂ ನಾವು ಬಹುಮಟ್ಟಿಗೆ ಕಲಿತೇ ಬಂದಿರುತ್ತೇವೆ. ಬೊಲಿವಿಯಾದ ಕಾಡಿನಂಚಿನಲ್ಲಿ ಬಾಳುವ ತ್ಸಿಮಾನೆ ಜನರಿಗೆ, ಪಾಶ್ಚಾತ್ಯರು ಇಂಪು ಎನ್ನುವ ಸ್ವರಜೋಡಿ ಮತ್ತು ಕರ್ಕಶ ಎನ್ನುವ ಸ್ವರಜೋಡಿ ಎರಡೂ ಒಂದೇ ಸಮ ಹಿತವಾಗಿ ಕೇಳುತ್ತವೆ ಎಂಬುದನ್ನು 2016ರಲ್ಲಿ ಜೋಶ್ ಮೆಕ್‌ಡರ್ಮಟ್ ಮತ್ತು ಸಂಗಡಿಗರು ತೋರಿಸಿದರು. ಹಾಗಾಗಿ ಮಗ ಕಿವಿ ಮುಚ್ಚಿಕೊಂಡರೆ ಅವನ ರುಚಿ ಕೆಟ್ಟಿದೆ ಎಂದು ಯಾರೂ ತೀರ್ಪು ಕೊಡಬಾರದು. ಅವನ ಕಿವಿ ಬೇರೆ ಕಡೆ ಪಳಗಿದೆ, ಅಷ್ಟೆ.

ಮಗಳ ಚಿಂತೆ ಬೇಡ. ಐದಾರು ವರ್ಷದ ಮಕ್ಕಳು ಯಾವ ಸಂಗೀತ ಬಂದರೂ ಇದು ನಮ್ಮದು, ಇದು ಬೇರೆಯವರದು ಎಂದು ನೋಡುವುದಿಲ್ಲ. ಡೇವಿಡ್ ಹಾರ್ಗ್ರೀವ್ಸ್ ಎಂಬ ಮನಶ್ಶಾಸ್ತ್ರಜ್ಞರು ಮಕ್ಕಳ ಈ ತೆರೆದ ಕಿವಿಯ ಬಗ್ಗೆ 1982ರಲ್ಲೇ ಬರೆದಿದ್ದಾರೆ. ದೊಡ್ಡವರಾಗುತ್ತಾ, ಅದರಲ್ಲೂ ಹನ್ನೊಂದು ಹನ್ನೆರಡು ದಾಟುವಾಗ ಆ ತೆರೆದತನ ಕಡಿಮೆಯಾಗುತ್ತದೆ. ಅದಕ್ಕೆ ಕಿವಿಗಿಂತ ಗೆಳೆಯರ ಬಳಗ ದೊಡ್ಡ ಕಾರಣ. ನಿಮ್ಮ ಮಗನಿಗೆ ರ‍್ಯಾಪ್ ಬರೀ ಹಾಡಲ್ಲ, ತಾನು ಯಾರ ಜೊತೆ ಇದ್ದೇನೆ ಎಂದು ಹೇಳಿಕೊಳ್ಳುವ ಗುರುತು. ಆ ಗುರುತಿನ ಮೇಲೆ ಕೈ ಹಾಕಿ "ಅದು ಗದ್ದಲ, ಇದು ಸಂಗೀತ" ಎಂದಿರೋ, ಅಜ್ಜನ ಮೊಬೈಲಿನಿಂದ ಬರುವುದೆಲ್ಲ ಅವನ ಪಾಲಿಗೆ ಎದುರು ಪಕ್ಷವಾಗಿಬಿಡುತ್ತದೆ. ಮನೆಯಲ್ಲಿ ಯಾರೂ ಆ ಮಾತು ಆಡದಂತೆ ನೋಡಿಕೊಳ್ಳಿ. ಮಾವನವರಿಗೂ ಮೆಲ್ಲಗೆ ಹೇಳಿ.

ಈಗ ಮಗನ ದೂರಿಗೆ ಬರೋಣ. ಒಂದೇ ಅಕ್ಷರವನ್ನು ಅರ್ಧ ತಾಸು ಎಳೆಯುತ್ತಾರೆ ಎಂದ ಹುಡುಗ ಸರಿಯಾಗಿಯೇ ಕೇಳಿಸಿಕೊಂಡಿದ್ದಾನೆ. ದೊಡ್ಡ ಖಯಾಲ್ ಶುರುವಾಗುವುದು ವಿಲಂಬಿತದಲ್ಲಿ, ಅಂದರೆ ತುಂಬಾ ನಿಧಾನದ ಲಯದಲ್ಲಿ. ವಿಲಂಬಿತ ಏಕತಾಲದ ಹನ್ನೆರಡು ಮಾತ್ರೆಗಳ, ಅಂದರೆ ಎಣಿಕೆಗಳ, ಒಂದು ಆವರ್ತನ (ತಾಳದ ಒಂದು ಸುತ್ತು) ಮುಗಿಯಲು ಅರ್ಧ ನಿಮಿಷಕ್ಕೂ ಹೆಚ್ಚು ಹಿಡಿಯಬಹುದು. ಅಷ್ಟು ಹೊತ್ತು ಗಾಯಕ ಒಂದೆರಡು ಸ್ವರಗಳ ಸುತ್ತ ತಿರುಗುತ್ತಾನೆ. ಮಾವನವರಿಗೆ ಆ ಅರ್ಧ ನಿಮಿಷ ತುಂಬಿ ತುಳುಕುತ್ತದೆ, ಏಕೆಂದರೆ ಮುಂದೆ ಬರಬೇಕಾದ ಸ್ವರ ಯಾವುದು, ಗಾಯಕ ಅದನ್ನು ಬೇಕೆಂದೇ ಹೇಗೆ ಮುಂದೂಡುತ್ತಿದ್ದಾನೆ, ಸಮ್‌ಗೆ (ತಾಳದ ಸುತ್ತು ಶುರುವಾಗುವ ಮೊದಲ ಮಾತ್ರೆಗೆ) ಎಷ್ಟು ದೂರವಿದೆ ಎಂಬುದೆಲ್ಲ ಅವರಿಗೆ ಗೊತ್ತು. ಮೊಮ್ಮಗನಿಗೆ ಇದಾವುದೂ ಗೊತ್ತಿಲ್ಲ. ಬೋರ್ಡು ಓದಲು ಬಾರದವನು ಬಸ್‌ಸ್ಟ್ಯಾಂಡಿನಲ್ಲಿ ಕೂತಂತೆ ಅವನು ಕೂತಿದ್ದಾನೆ. ಬಸ್ಸು ಬರುತ್ತವೆ, ಹೋಗುತ್ತವೆ, ಯಾವುದಕ್ಕೆ ಕಾಯಬೇಕೆಂದು ತಿಳಿಯದು.

ಸಂಗೀತದ ಸಂತೋಷದಲ್ಲಿ ದೊಡ್ಡ ಪಾಲು ಈ ಕಾಯುವಿಕೆಯದು. ಮುಂದೇನು ಬರುತ್ತದೆ ಎಂದು ಮನಸ್ಸು ಒಳಗೇ ಊಹಿಸುತ್ತಿರುತ್ತದೆ. ಊಹೆ ನಿಜವಾದರೆ ಒಂದು ಸುಖ, ಸ್ವಲ್ಪ ತಡವಾಗಿ ಅಥವಾ ಬೇರೆ ದಾರಿಯಿಂದ ನಿಜವಾದರೆ ಇನ್ನೂ ದೊಡ್ಡ ಸುಖ. ಊಹಿಸಲು ಬಾರದ ಸಂಗೀತ ಎಷ್ಟೇ ದೊಡ್ಡದಿರಲಿ, ಬೇಸರವೇ ಆಗುವುದು. ಆದ್ದರಿಂದ ಮಗನಿಗೆ ನೀವು ಕಲಿಸಬೇಕಾದದ್ದು ಮೆಚ್ಚುವುದನ್ನಲ್ಲ. ಕಾಯಲು ಅವನಿಗೆ ಒಂದು ಜಾಗ ತೋರಿಸಿಕೊಡಬೇಕು. ರಾಗದ ಹೆಸರು, ವಾದಿ-ಸಂವಾದಿ, ಘರಾಣೆಯ ಕಥೆ ಈಗ ಏನೂ ಬೇಡ. ಒಂದೇ ಒಂದು ಜಾಗ ಸಾಕು, ಆ ಜಾಗ ಸಮ್.

ಮಾಡಬೇಕಾದದ್ದು ಇಷ್ಟು. ಮಾವನವರಿಗೆ ಹೇಳಿ, ವಿಲಂಬಿತ ಬಿಟ್ಟು ಮಧ್ಯಲಯದ ಒಂದು ಬಂದಿಶ್ (ತಾಳಕ್ಕೆ ಕೂಡಿಸಿದ ಚಿಕ್ಕ ಹಾಡು) ಆರಿಸಲಿ. ತಾಳ ತೀನ್‌ತಾಲ ಇರಲಿ, ನಮ್ಮ ಕಡೆಯ ಗವಾಯಿಗಳು ತ್ರಿತಾಲ ಎನ್ನುತ್ತಾರಲ್ಲ, ಅದು. ಹದಿನಾರು ಮಾತ್ರೆ, ನಾಲ್ಕು ನಾಲ್ಕರ ನಾಲ್ಕು ಮನೆ. ಒಂದು, ಐದು, ಹದಿಮೂರನೇ ಮಾತ್ರೆಗೆ ಚಪ್ಪಾಳೆ, ಒಂಬತ್ತನೆಯದಕ್ಕೆ ಕೈ ಬೀಸುವುದು. ಅದಕ್ಕೆ ಖಾಲಿ ಎಂದು ಹೆಸರು. ತಬಲಾದ ಬಾಯಿಪಾಠ ಹೀಗೆ:

ಧಾ ಧಿನ್ ಧಿನ್ ಧಾ
ಧಾ ಧಿನ್ ಧಿನ್ ಧಾ
ಧಾ ತಿನ್ ತಿನ್ ತಾ
ತಾ ಧಿನ್ ಧಿನ್ ಧಾ

ಎರಡು ಸಲ ಬಾಯಿಬಿಟ್ಟು ಹೇಳಿ ನೋಡಿ. ಮೂರನೇ ಸಾಲಿನಲ್ಲಿ 'ಧಿನ್' ಹೋಗಿ 'ತಿನ್' ಆಗುತ್ತದೆ. 'ಧ' ಎಂದಾಗಲೆಲ್ಲ ಎಡಗೈಯ ಡಗ್ಗಾ ಗುಂ ಎನ್ನುತ್ತದೆ. 'ತ' ಎಂದಾಗ ಡಗ್ಗಾದ ಆ ನಾದವಿಲ್ಲ, ಬಲಗೈಯ ತಬಲಾ ಮಾತ್ರ. ಅಂದರೆ ಹತ್ತನೇ ಮಾತ್ರೆಯಿಂದ ಹದಿಮೂರರವರೆಗೆ ಕೆಳಗಿನ ಆ ದಪ್ಪ ನಾದ ಮಾಯವಾಗಿ, ಹದಿನಾಲ್ಕಕ್ಕೆ ತಿರುಗಿ ಬಂದು, ನಮ್ಮನ್ನು ಎತ್ತಿಕೊಂಡು ಹೋಗಿ ಸಮ್ ಮೇಲೆ ಇಳಿಸುತ್ತದೆ. ಈಗ ಮಗನ ಡಿಜೆ ಹಾಡು ನೆನಪು ಮಾಡಿಕೊಳ್ಳಿ. ಅಲ್ಲಿಯೂ ದೊಡ್ಡ ಹೊಡೆತ ಬೀಳುವ ಮೊದಲು ಬೇಸ್ ತೆಗೆದುಬಿಡುತ್ತಾರೆ. ನಾಲ್ಕಾರು ಕ್ಷಣ ಮೇಲಿನ ಸದ್ದು ಮಾತ್ರ ಇರುತ್ತದೆ, ಹುಡುಗರೆಲ್ಲ ಕೈ ಎತ್ತಿ ಕಾಯುತ್ತಾರೆ, ಬೇಸ್ ಬಂದು ಬಿದ್ದಾಗ ಕುಣಿಯುತ್ತಾರೆ. ಬೇಸ್ ಹೋದದ್ದನ್ನು, ಬಂದದ್ದನ್ನು ಹಿಡಿಯುವ ಕಿವಿ ನಿಮ್ಮ ಮಗನಿಗೆ ಈಗಾಗಲೇ ಇದೆ. ಮಾವನವರಿಗಿಂತ ಚುರುಕಾಗಿಯೇ ಇರಬಹುದು. "ಡಗ್ಗಾ ಎಲ್ಲಿ ಹೋಯ್ತು, ಎಲ್ಲಿ ಬಂತು ಹೇಳು ನೋಡೋಣ" ಎಂದು ಕೇಳಿ. ಅದು ಅವನ ಆಟವೇ.

ಆದರೆ ಮೊಬೈಲಿನಲ್ಲಿ ಮಾತ್ರ ಬೇಡ. ಅದರ ಸಣ್ಣ ಸ್ಪೀಕರಿನಲ್ಲಿ ಡಗ್ಗಾದ ನಾದ ಹೆಚ್ಚುಕಡಿಮೆ ಹೊರಗೆ ಬರುವುದೇ ಇಲ್ಲ, ತಂಬೂರಿಯ ಗುಂಯ್‌ಗುಡುವಿಕೆಯೂ ಸೊಳ್ಳೆಯ ದನಿಯಾಗಿ ಹೋಗುತ್ತದೆ. ಮಾವನವರಿಗೆ ಅದು ಸಾಕು, ಬಾರದ ನಾದವನ್ನು ಅವರ ನೆನಪು ತುಂಬಿಕೊಡುತ್ತದೆ. ಹೊಸದಾಗಿ ಕೇಳುವವನಿಗೆ ಉಳಿಯುವುದು ಮೂಗಿನಿಂದ ಬಂದಂತಿರುವ ಒಂದು ಗಂಟಲು ಮಾತ್ರ. ಮಗನ ಹತ್ತಿರ ಬ್ಲೂಟೂತ್ ಸ್ಪೀಕರ್ ಇದ್ದರೆ ಅದನ್ನೇ ಕೇಳಿ, ಜೋಡಿಸುವ ಕೆಲಸವನ್ನೂ ಅವನಿಗೇ ಬಿಡಿ. ಅಜ್ಜನ ಹಾಡು ಮೊಮ್ಮಗನ ಸ್ಪೀಕರಿನಲ್ಲಿ ಬಂದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ನಾಲ್ಕೈದು ನಿಮಿಷಕ್ಕಿಂತ ಹೆಚ್ಚು ಬೇಡ. ಮತ್ತೆ ಮರುದಿನವೂ ಅದೇ ಬಂದಿಶ್. ಈ ಎರಡರಲ್ಲಿ ಮನೆಯವರು ಸಾಮಾನ್ಯವಾಗಿ ತಪ್ಪುತ್ತಾರೆ. ಮಗು ಒಂದು ದಿನ ಸುಮ್ಮನೆ ಕೂತು ಕೇಳಿತೆಂದರೆ ಮರುದಿನ ಒಂದು ತಾಸಿನ ಕಛೇರಿ ಹಚ್ಚುತ್ತಾರೆ, ಅದರ ಮರುದಿನ ಬೇರೆ ರಾಗ, ಬೇರೆ ಗಾಯಕರು. ಕಿವಿಗೆ ಊಹಿಸಲು ಏನೂ ಸಿಗುವುದಿಲ್ಲ. ಒಂದೇ ವಸ್ತುವಿನ ಎದುರು ಪದೇಪದೇ ಬಂದರೆ ಸಾಕು, ಅದರ ಮೇಲೆ ಒಲವು ಬೆಳೆಯುತ್ತದೆ ಎಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಝಯಾಂಕ್ 1968ರಲ್ಲೇ ಬರೆದರು. ಸಂಗೀತಕ್ಕೆ ಅದು ಚೆನ್ನಾಗಿ ಹೊಂದುತ್ತದೆ, ಒಂದು ಷರತ್ತಿನ ಮೇಲೆ: ಬಲವಂತ ಇರಬಾರದು. ಬೇಡವೆಂದು ಮುಖ ತಿರುಗಿಸಿದವನನ್ನು ಹಿಡಿದು ಕೂರಿಸಿ ಹತ್ತು ಸಲ ಕೇಳಿಸಿದರೆ ಹತ್ತು ಪಟ್ಟು ಬೇಸರ ಗಟ್ಟಿಯಾಗುತ್ತದೆ. ಊಟಕ್ಕೆ ತಟ್ಟೆ ಹಾಕುವಾಗ, ಶೂಗೆ ಪಾಲಿಶ್ ಹಚ್ಚುವಾಗ, ಬೇರೆ ಏನೋ ಕೆಲಸ ನಡೆದಿರುವಾಗ ಹಿಂದೆ ಹಾಡು ಇರಲಿ. ಮುಗಿದ ಮೇಲೆ "ಚಲೋ ಇತ್ತಲ್ಲ?" ಎಂದು ಕೇಳಬೇಡಿ. ಹದಿಮೂರು ವರ್ಷದ ಹುಡುಗ ಆ ಪ್ರಶ್ನೆಗೆ ಹೌದು ಎನ್ನುವುದಿಲ್ಲ. "ಸಮ್ ಸಿಕ್ಕಿತಾ?" ಎಂದು ಕೇಳಿದರೆ ಉತ್ತರ ಕೊಡುತ್ತಾನೆ.

ನಾಲ್ಕು ನಿಮಿಷದಲ್ಲಿ ಏನು ಮಹಾ ಸಂಗೀತ ಎಂದು ಮಾವನವರು ಕೇಳಬಹುದು. ಅವರಿಗೆ ಭೀಮಸೇನ ಜೋಶಿಯವರ ಬಾಲ್ಯ ನೆನಪಿಸಿ. ರೋಣದಲ್ಲಿ ಹುಟ್ಟಿದ ಆ ಹುಡುಗ ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋಗುವಂತೆ ಮಾಡಿದ್ದು ಗಾಯಕ ಅಬ್ದುಲ್ ಕರೀಂ ಖಾನರ ಒಂದು ಗ್ರಾಮಫೋನ್ ತಟ್ಟೆ. ಆ ಕಾಲದ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದದ್ದೇ ಮೂರು-ನಾಲ್ಕು ನಿಮಿಷ. ಆಗಿನ ಗವಾಯಿಗಳು ಅಷ್ಟರಲ್ಲೇ ಇಡೀ ರಾಗದ ಸಾರ ಹಿಂಡಿ ಕೊಡುತ್ತಿದ್ದರು. ಕರೀಂ ಖಾನರ ಆ ತಟ್ಟೆಗಳು ಈಗ ಯೂಟ್ಯೂಬಿನಲ್ಲಿ ಸಿಗುತ್ತವೆ. ಕರಕರ ಸದ್ದು ಇರುತ್ತದೆ, ಬೇಸ್ ಅಂತೂ ಇಲ್ಲ, ಹಾಗಾಗಿ ಮಗನಿಗೆ ಅವು ಮೊದಲ ಮೆಟ್ಟಿಲಾಗಲಾರವು. ನೀವು ಮತ್ತು ಮಾವನವರು ಕೂತು ಕೇಳಿ.

ಇಲ್ಲಿ ನಮ್ಮ ಸೀಮೆಯ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಬಳ್ಳಾರಿ, ರಾಯಚೂರು, ಕೊಪ್ಪಳದ ಮಕ್ಕಳಿಗೆ ಪರಿಚಯವಿಲ್ಲದ ಸಂಗೀತ ಕೇಳಿ ಬೆಳೆಯುವುದು ಹೊಸದೇನಲ್ಲ. ಬಳ್ಳಾರಿ 1953ರವರೆಗೆ ಮದರಾಸಿನ ಆಡಳಿತದಲ್ಲಿತ್ತು. ತೆಲುಗು ನಾಟಕದ ಪದ್ಯವೂ ಕರ್ನಾಟಕ ಸಂಗೀತದ ಕೀರ್ತನೆಯೂ ಅಲ್ಲಿಯ ಓಣಿಗಳಲ್ಲಿ ಓಡಾಡಿಕೊಂಡಿದ್ದವು. ರಾಯಚೂರು, ಅದರ ಒಳಗೇ ಇದ್ದ ಕೊಪ್ಪಳ ನಿಜಾಮರ ಹೈದರಾಬಾದ್ ಸೀಮೆ, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದವು. ಅಲ್ಲಿ ಉರ್ದುವಿನ ಗಜಲ್, ಕವ್ವಾಲಿ. ಪಶ್ಚಿಮದ ಗದಗ, ಧಾರವಾಡದಿಂದ ಹಿಂದೂಸ್ತಾನಿ. ತುಂಗಭದ್ರೆಯ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ರೈತರು ಬಂದು ಕ್ಯಾಂಪು ಕಟ್ಟಿಕೊಂಡರು. ನಿಮ್ಮ ಗಂಗಾವತಿಯ ಸುತ್ತ ಎಷ್ಟು ಕ್ಯಾಂಪುಗಳಿವೆ ಎಂದು ನಿಮಗೇ ಗೊತ್ತು. ಸಿಂಧನೂರಿನ ಹತ್ತಿರ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳ ಕ್ಯಾಂಪುಗಳಿವೆ, ಅಲ್ಲಿ ದುರ್ಗಾಪೂಜೆಯ ಹಾಡೇ ಬೇರೆ. ಇಷ್ಟೆಲ್ಲ ಒಂದೇ ಬಯಲಿನಲ್ಲಿ ಕಿವಿಗೆ ಬೀಳುವ ಜಾಗ ಕರ್ನಾಟಕದಲ್ಲಿ ಹೆಚ್ಚಿಲ್ಲ.

ಮೊಹರಂ ತೆಗೆದುಕೊಳ್ಳಿ. ಮುದಗಲ್ಲಿನ ಮೊಹರಂ ನಾಡಿಗೇ ಹೆಸರಾದದ್ದು, ಆದರೆ ನಮ್ಮ ಊರೂರಿನಲ್ಲೂ ಅಲಾಯಿ ಕುಣಿ ತೋಡುತ್ತಾರೆ, ಹಲಗೆ ಬಾರಿಸುತ್ತಾರೆ, ಹೆಜ್ಜೆ ಹಾಕುತ್ತಾರೆ, ರಿವಾಯತ್ ಪದ ಹಾಡುತ್ತಾರೆ. ಅರಬ್ ನಾಡಿನ ಕರ್ಬಲಾದ ಕಥೆ, ಕನ್ನಡದ ಮಾತು. ಹಾಡುವವರಲ್ಲಿ ಹಿಂದೂಗಳೂ ಮುಸಲ್ಮಾನರೂ ಇರುತ್ತಾರೆ. ಆ ಪದದ ಮಟ್ಟು ಸಿನಿಮಾ ಹಾಡಿನಂತೆ ಸರಳವಲ್ಲ. ಸಾಲು ಎಲ್ಲಿ ತಿರುಗುತ್ತದೆ, ಹಿಮ್ಮೇಳ ಎಲ್ಲಿ ಎತ್ತಿಕೊಳ್ಳುತ್ತದೆ ಎಂದು ಹೊರಗಿನವರಿಗೆ ಸುಲಭಕ್ಕೆ ತಿಳಿಯದು. ಆದರೆ ಆರು ವರ್ಷದ ಹುಡುಗ ಹೆಜ್ಜೆಯ ಸಾಲಿನ ತುದಿಯಲ್ಲಿ ನಿಂತು ತಪ್ಪದೆ ಕಾಲು ಹಾಕುತ್ತಾನೆ. ಅವನನ್ನು ಕೂರಿಸಿ ಯಾರೂ ಪಾಠ ಮಾಡಿರುವುದಿಲ್ಲ. ದೊಡ್ಡವರ ಕಾಲು ನೋಡಿ ತನ್ನ ಕಾಲು ಹಾಕಿದ, ಕಾಲಿಗೆ ತಿಳಿದದ್ದು ಆಮೇಲೆ ಕಿವಿಗೆ ತಿಳಿಯಿತು.

ಬಯಲಾಟವೂ ಹೀಗೆಯೇ. ನೀವೇ ನೋಡಿದ್ದೀರಿ. ರಾತ್ರಿಯಿಡೀ ಮದ್ದಳೆ, ತಾಳ, ಹಾರ್ಮೋನಿಯಂ. ಮಕ್ಕಳು ಅಟ್ಟದ ಮುಂದೆ ಕಂಬಳಿ ಹಾಸಿಕೊಂಡು ಅರ್ಧ ನಿದ್ದೆ, ಅರ್ಧ ಎಚ್ಚರ. ರಾಕ್ಷಸ ಪಾತ್ರ ಬಂದಾಗ ಏಳುವುದು, ನೋಡುವುದು, ಮತ್ತೆ ಮಲಗುವುದು. ದರೋಜಿಯ ಈರಮ್ಮನವರು ತಂಬೂರಿ ಹಿಡಿದು ಬುರ್ರಕಥೆ ಹಾಡುವಾಗಲೂ ಎದುರಿಗೆ ಕೂತವರಿಗೆ ಯಾರೂ ಅದರ ವ್ಯಾಕರಣ ಹೇಳಲಿಲ್ಲ. ಆ ತಾಯಿಗೇ ಅಕ್ಷರ ಬರುತ್ತಿರಲಿಲ್ಲ, ಮಹಾಕಾವ್ಯಗಳು ಬಾಯಲ್ಲಿದ್ದವು. ಆ ಕೇಳುವಿಕೆಯಲ್ಲಿ ಪರೀಕ್ಷೆ ಇರಲಿಲ್ಲ, ಎದ್ದು ಹೋದರೆ ಬೈಗುಳ ಇರಲಿಲ್ಲ, ಸುತ್ತ ಜನ ಇದ್ದರು, ವರ್ಷಕ್ಕೊಮ್ಮೆ ಅದೇ ಪ್ರಸಂಗ ತಿರುಗಿ ಬರುತ್ತಿತ್ತು. ಗೊತ್ತಿಲ್ಲದ ಸಂಗೀತಕ್ಕೆ ಕಿವಿ ಒಗ್ಗಿಸಲು ಇದಕ್ಕಿಂತ ಒಳ್ಳೆಯ ಏರ್ಪಾಡನ್ನು ನಾನು ಎಲ್ಲಿಯೂ ಕಂಡಿಲ್ಲ. ನಾವು ಸಂಗೀತದವರು ಸಭಾಭವನ ಕಟ್ಟಿ, ಮಕ್ಕಳಿಗೆ "ಸುಮ್ಮನೆ ಕೂಡು, ಮಾತಾಡಬೇಡ" ಎಂದು ಹೇಳಲು ಶುರು ಮಾಡಿದ ಮೇಲೆ ಅದನ್ನು ಕಳೆದುಕೊಂಡೆವು ಎಂಬ ಕೊರಗು ನನಗಿದೆ.

ನಿಮ್ಮ ಮಾತಿಗೆ ಬಂದರೆ, ನಿಮಗೆ ತಿಳಿಯುವುದಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ಭಜನಿ ಪದ ಕೇಳಿ ಬೆಳೆದವರಿಗೆ ತಾಳದ ಸುತ್ತು ಕೈಯಲ್ಲೇ ಇರುತ್ತದೆ. ಪಲ್ಲವಿಗೆ ಮರಳುವಾಗ ಎಲ್ಲರೂ ಒಟ್ಟಿಗೆ ದನಿ ಎತ್ತುತ್ತಾರಲ್ಲ, ಖಯಾಲ್‌ನಲ್ಲಿ ಮುಖಡಾ ಮಾಡುವ ಕೆಲಸ ಅದೇ. ಗಾಯಕ ಎಲ್ಲೆಲ್ಲೋ ತಿರುಗಾಡಿ ಬಂದು ಬಂದಿಶ್‌ನ ಮೊದಲ ತುಣುಕನ್ನು ಹಿಡಿದು ಸಮ್ ಮೇಲೆ ಬಂದು ನಿಲ್ಲುತ್ತಾನೆ. ನಿಮಗೆ ಅಡ್ಡ ಬರುತ್ತಿರುವುದು ಬಹುಶಃ ಭಾಷೆ. ಬ್ರಜ್ ಭಾಷೆಯ ಆ ನಾಲ್ಕು ಸಾಲು ನಮ್ಮವರಿಗೆ ಅರ್ಥವಾಗುವುದಿಲ್ಲ, ಹಾಗಾಗಿ ಸಂಗೀತವೇ ಅರ್ಥವಾಗಲಿಲ್ಲ ಎಂದುಕೊಳ್ಳುತ್ತೇವೆ. ಅದಕ್ಕೆ ದಾರಿ ನಮ್ಮ ಊರಿನಲ್ಲೇ ಇದೆ. ರಾಯಚೂರು ಜಿಲ್ಲೆಯ ಚೀಕಲಪರ್ವಿ ವಿಜಯದಾಸರ ಊರು, ಮಾನ್ವಿ ಜಗನ್ನಾಥದಾಸರ ಊರು. ದಾಸರ ಪದ ನಿಮಗೆ ಬಾಯಿಗೆ ಬರುತ್ತವೆ. ಅವನ್ನೇ ಭೀಮಸೇನ ಜೋಶಿಯವರು ಹಿಂದೂಸ್ತಾನಿ ರಾಗದಲ್ಲಿ ಹಾಡಿದ್ದನ್ನು ಕೇಳಿ. ವಚನವಾದರೆ ರಾಯಚೂರಿನ ಸಿದ್ಧರಾಮ ಜಂಬಲದಿನ್ನಿಯವರು, ವೆಂಕಟೇಶ ಕುಮಾರರು. ಮಾತು ಗೊತ್ತಿರುವಾಗ ಮನಸ್ಸು ಅರ್ಥ ಹುಡುಕುವ ಕೆಲಸ ಬಿಟ್ಟು ದನಿಯ ಹಿಂದೆ ಹೋಗುತ್ತದೆ. ಒಂದೇ ಮಾತನ್ನು ಮೊದಲ ಸಲ ಹೇಗೆ ಹೇಳಿದರು, ಮೂರನೇ ಸಲ ಅದೇ ಮಾತನ್ನು ಎಲ್ಲಿ ಎತ್ತಿ ಎಲ್ಲಿ ಇಳಿಸಿದರು ಎಂದು ಗಮನಿಸಿ. ಆಲಾಪವೆಂದರೆ ಈ ಕೆಲಸವೇ, ಮಾತಿನ ಹಂಗಿಲ್ಲದೆ.

ಇನ್ನೊಂದು ಮಾತು ಕೊಂಚ ಗಟ್ಟಿಯಾಗಿಯೇ ಹೇಳುತ್ತೇನೆ. ಮಗ ಅಜ್ಜನ ಸಂಗೀತ ಕೇಳಬೇಕು ಎಂದರೆ ಅಜ್ಜ ಮೊಮ್ಮಗನ ಸಂಗೀತ ಕೇಳಬೇಕು. ವಾರಕ್ಕೊಂದು ಹಾಡು ಸಾಕು. ಮಗ ಆರಿಸಲಿ, ಹಚ್ಚಲಿ, ಯಾಕೆ ಇಷ್ಟ ಎಂದು ಹೇಳಲಿ. ರ‍್ಯಾಪ್ ಮಾತಿನ ಲಯದ ಕಲೆ. ನಾಲ್ಕರ ತಾಳ ನೇರವಾಗಿ ಹೋಗುತ್ತಿರುವಾಗ ಮಾತು ಅದರ ಹಿಂದೆ ಮುಂದೆ ಜಾರುತ್ತಾ, ಪ್ರಾಸ ಸಾಲಿನ ಕೊನೆಗೆ ಬೀಳದೆ ನಡುವೆ ಬೀಳುತ್ತಾ ಓಡುತ್ತದೆ. ತಬಲಾ ಬಲ್ಲವರು ಮನಸ್ಸಿಟ್ಟು ಕೇಳಿದರೆ ಅದರಲ್ಲಿ ದುಗುಣ, ತಿಗುಣ (ಎರಡು ಪಟ್ಟು, ಮೂರು ಪಟ್ಟು ವೇಗ) ಕಾಣುತ್ತಾರೆ. ನಿಮ್ಮ ಮಾವನವರಿಗೂ ಅದು ಪರಿಚಯವಿಲ್ಲದ ಸಂಗೀತವೇ. ಅವರ ಕಿವಿಗೆ ಅದು ಒಗ್ಗದೆ ಹೋಗಬಹುದು, ಆ ವಯಸ್ಸಿನಲ್ಲಿ ಅದು ಕಷ್ಟವೇ. ಆದರೆ ಅಜ್ಜ ಮುಖ ಸಿಂಡರಿಸದೆ ಮೂರು ನಿಮಿಷ ಕೂತು, "ಈ ಜಾಗದಾಗ ತಾಳ ಯಾಕ ನಿಲ್ಲಿಸಿದ?" ಎಂದು ಒಂದು ನಿಜವಾದ ಪ್ರಶ್ನೆ ಕೇಳಿದರೆ, ಮಗ ಮುಂದೆ ಅವರ ಬಂದಿಶ್ ಬಗ್ಗೆ ಅಂಥದ್ದೇ ಪ್ರಶ್ನೆ ಕೇಳುತ್ತಾನೆ. ಖಯಾಲ್ ಮೇಲೆ, ರ‍್ಯಾಪ್ ಕೆಳಗೆ ಎಂಬ ಏಣಿಯನ್ನು ಮನೆಯೊಳಗೆ ತರಬೇಡಿ. ನಾನು ಬದುಕೆಲ್ಲ ಖಯಾಲ್ ಹೇಳಿಕೊಟ್ಟವನು, ನನಗೆ ಅದಕ್ಕಿಂತ ಆಳವಾದ ಸಂಗೀತ ಬೇರೆ ಇಲ್ಲ. ಆದರೂ ಆ ಆಳ ಹದಿಮೂರರ ಹುಡುಗನಿಗೆ ಉಪದೇಶದಿಂದ ಕಾಣುವುದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ಕ್ಲಾಸಿಗೆ ಈಗಲೇ ಹಾಕಬೇಡಿ. ಹಾಡಲು ಕಲಿಯುವುದು ಬೇರೆ, ಕೇಳಲು ಕಲಿಯುವುದು ಬೇರೆ. ಇಷ್ಟವಿಲ್ಲದವನನ್ನು ಸರಳೆ, ಅಲಂಕಾರಕ್ಕೆ ಕೂರಿಸಿ, ವರ್ಷದ ಕೊನೆಗೆ ಪರೀಕ್ಷೆ ಕಟ್ಟಿಸಿದರೆ ಕೈಗೆ ಸರ್ಟಿಫಿಕೇಟು ಬರುತ್ತದೆ, ಸಂಗೀತ ಮನೆ ಬಿಟ್ಟು ಹೋಗುತ್ತದೆ. ಡಗ್ಗಾದ ಆಟ ಹಿಡಿಸಿ ಅವನೇ ತಬಲಾ ಕಲಿಯುತ್ತೇನೆ ಎಂದರೆ ಆಗ ತಡಮಾಡಬೇಡಿ. ಅದರ ಜೊತೆಗೆ ಅವನು ಬೀಟ್ ಮಾಡುವ ಆ್ಯಪ್ ಹಾಕಿಕೊಂಡು ಕೂತರೂ ಬೇಡ ಎನ್ನಬೇಡಿ, ಹದಿನಾರು ಮಾತ್ರೆಯನ್ನು ಅದರಲ್ಲೂ ಹೂಡಬಹುದು. ಮಗಳು ಅಜ್ಜನ ತೊಡೆಯ ಮೇಲೆಯೇ ಇರಲಿ. ಅವಳಿಗೆ ಹಿಂದೂಸ್ತಾನಿ ಒಂದನ್ನೇ ಕೇಳಿಸದೆ, ಭಜನೆಗೂ ಹೆಜ್ಜೆಮೇಳಕ್ಕೂ ಕರೆದುಕೊಂಡು ಹೋಗಿ. ಈ ವಯಸ್ಸಿನಲ್ಲಿ ಬೇರೆ ಬೇರೆ ಲಯ ಎಷ್ಟು ಬಿದ್ದರೂ ಕಿವಿ ಭಾರ ಎನ್ನುವುದಿಲ್ಲ.

ಎದುರಿಗೆ ಕೂತು ಕೇಳುವ ಅವಕಾಶ ಸಿಕ್ಕರೆ ಬಿಡಬೇಡಿ. ಆನೆಗುಂದಿ ಉತ್ಸವ ನಿಮ್ಮ ತಾಲ್ಲೂಕಿನದ್ದೇ, ಕನಕಗಿರಿಯೂ ದೂರವಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಯ ವೇದಿಕೆಯಲ್ಲಿ ಒಳ್ಳೆಯ ಗಾಯಕರು ಬಂದು ಹಾಡುತ್ತಾರೆ, ಸುತ್ತ ಜಾತ್ರೆಯ ಗದ್ದಲ, ಮಿರ್ಚಿ, ಮಂಡಕ್ಕಿ ಎಲ್ಲ ಇರುವುದರಿಂದ ಹುಡುಗರಿಗೆ ಅದು ಸಭಾಭವನದಷ್ಟು ಬಿಗಿ ಅನ್ನಿಸುವುದಿಲ್ಲ. ಕೂಡುವಾಗ ತಬಲಾದವರ ಕೈ ಕಾಣುವ ಕಡೆ ಜಾಗ ಹಿಡಿಯಿರಿ. ಗಾಯಕ ಮತ್ತು ತಬಲಾದವರು ಒಬ್ಬರನ್ನೊಬ್ಬರು ನೋಡಿ, ಮೂರು ಸಲ ಒಂದೇ ತುಣುಕು ಬಾರಿಸಿ, ಮೂರನೆಯದರ ಕೊನೆಯ ಪೆಟ್ಟನ್ನು ಸರಿಯಾಗಿ ಸಮ್ ಮೇಲೆ ಇಡುತ್ತಾರೆ. ಅದಕ್ಕೆ ತಿಹಾಯಿ ಎನ್ನುತ್ತಾರೆ. ಮೊದಲ ತುಣುಕು ಬಿದ್ದಾಗಲೇ ಅವನ ಮೊಣಕೈ ತಿವಿದು ಎಣಿಸಲು ಹೇಳಿ. ಅರ್ಧಕ್ಕೆ "ಹೋಗೋಣ" ಎಂದರೆ ವಾದ ಮಾಡದೆ ಏಳಿ. ಮಾವನವರು ಕೂತು ಕೇಳಲಿ, ನೀವಿಬ್ಬರು ಮಿರ್ಚಿ ತಿಂದು ಬನ್ನಿ, ಅಷ್ಟರಲ್ಲಿ ದ್ರುತ್, ಅಂದರೆ ವೇಗದ ಭಾಗ, ಶುರುವಾಗಿರುತ್ತದೆ.